ಐದನೇ ಚೀಟಿ

"ಪರದೆ ಕಟ್ಟದಿದ್ರೆ ನಾನು ಮಾರ್ಕ್ಸ್ ಹಾಕಲ್ಲ," ಎಂದಳು ಕೋಕಿಲಾ.

ರಾಜಾಜಿನಗರದ ಸಂಘದ ಸಭಾಂಗಣ, ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಪಂಚಾಕ್ಷರಿ ವಾಚು ನೋಡಿಕೊಂಡ. ಮೃದಂಗವನ್ನೂ ಡ್ರಮ್ಸನ್ನೂ ಒಟ್ಟಿಗೆ ಕೂರಿಸಿ ಜಾಝ್ ಫ್ಯೂಷನ್ ನುಡಿಸುವ ಅವನ ತಂಡಕ್ಕೆ ಗಿಟಾರಿಗೆ ಒಬ್ಬರು ಬೇಕಾಗಿತ್ತು. ಬಂದವರು ಆರು ಜನ. ತೀರ್ಪು ಕೊಡುವವರು ಮೂವರು: ಅವನು, ಸಂಘದ ಕಾರ್ಯದರ್ಶಿ ರೇವಣಸಿದ್ದಪ್ಪ, ಮತ್ತು ಕೋಕಿಲಾ.

"ಏನ್ರೀ ಇದು, ಧಾರೆ ಹೊತ್ತಿಗೆ ಅಂತರಪಟ ಹಿಡಿದ ಹಾಗೆ!" ರೇವಣಸಿದ್ದಪ್ಪ ನಕ್ಕರು. "ಮುಖ ನೋಡಿದ್ರೆ ಕಿವಿ ಕೆಡುತ್ತಾ?"

"ಹೋದ ವರ್ಷ ಕೆಟ್ಟಿತ್ತಲ್ಲ ಸಾರ್."

ಹೋದ ವರ್ಷ, ಎಪ್ಪತ್ತೇಳರಲ್ಲಿ, ಇಬ್ಬರು ಹುಡುಗಿಯರು ಬಂದಿದ್ದರು. ಒಬ್ಬಳು ಮೆಲ್ಲಗೆ ನುಡಿಸಿದಳು. ಹೆಣ್ಣುಮಕ್ಕಳ ಕೈ, ಶಕ್ತಿ ಸಾಲದು ಎಂದರು ತೀರ್ಪುಗಾರರು. ಇನ್ನೊಬ್ಬಳು ಜೋರಾಗಿ ನುಡಿಸಿದಳು. ಹೆಣ್ಣುಮಕ್ಕಳಿಗೆ ಇಷ್ಟು ಗಡಸು ಒಪ್ಪಲ್ಲ ಎಂದರು. ಇಬ್ಬರಿಗೂ ಹತ್ತಕ್ಕೆ ನಾಲ್ಕು. ಕೋಕಿಲಾ ಸ್ವತಃ ಇಪ್ಪತ್ತು ವರ್ಷ ಆರ್ಕೆಸ್ಟ್ರಾಗಳ ಹಿಂದಿನ ಸಾಲಿನಲ್ಲಿ ಕುಳಿತು ಗಿಟಾರ್ ನುಡಿಸಿದವಳು. 'ಹೆಂಗಸಿಗೆ ಪರವಾಗಿಲ್ಲ' ಎಂಬ ಮಾತು ಅನ್ನದಲ್ಲಿ ಸಿಕ್ಕುವ ಕಲ್ಲಿನ ಹಾಗೆ. ಪ್ರತಿ ಸಲವೂ ಅದೇ ಹಲ್ಲಿಗೆ.

"ಕಟ್ಟಿಸೋಣ ಬಿಡಿ," ಎಂದ ಪಂಚಾಕ್ಷರಿ. "ನಮ್ಮಕ್ಕ ಜಗದಾಂಬಾ ಮಗನೂ ಬಂದಿದಾನೆ. ಮನೆ ತುಂಬ ಸಂಗೀತ. ನಾಳೆ ಯಾರೂ ಬಾಯಿ ಮಾಡ್ಬಾರದು."

ಪರದೆ ಬಂತು. ಎಲ್ಲರಿಗೂ ಸಂಘದ್ದೇ ಒಂದು ಗಿಟಾರ್. ಯಾರಿಗೆ ಯಾವ ಸಂಖ್ಯೆ ಎಂಬುದು ಒಳಗೆ ಎತ್ತುವ ಚೀಟಿಗೆ ಬಿಟ್ಟದ್ದು.

ಚೀಟಿ ಎತ್ತುವ ಮೊದಲು ಕೋಕಿಲಾ ಒಳಗೆ ಹೋಗಿಬಂದಳು. ಐವರು ಹುಡುಗರ ನಡುವೆ ಒಬ್ಬಳೇ ಹುಡುಗಿ. ಲಗ್ಗೆರೆಯ ಯಶೋದ.

"ಬಳೆ ತೆಗೆದಿಡು ಕಣೇ. ಸದ್ದಾದ್ರೆ ಗೊತ್ತಾಗಿಬಿಡುತ್ತೆ."

"ಬಳೆ ಹಾಕೋದೇ ಇಲ್ಲ ಆಂಟಿ. ಫ್ಯಾಕ್ಟರೀಲಿ ಕಾಯಿಲ್ ಸುತ್ತೋ ಕೆಲಸ, ಮೆಷಿನ್‌ಗೆ ಸಿಕ್ಕೊಳ್ತವೆ. ಗಿಟಾರ್ ಕಲ್ತಿದ್ದೂ ಅಲ್ಲೇ, ಅಲ್ಲಿನ ಆರ್ಕೆಸ್ಟ್ರಾದಲ್ಲಿ."

"ಮನೇಲಿ ಒಪ್ಪಿದಾರಾ?"

"ಇದೊಂದು ಸಲ ಅಂದಿದಾರೆ ಅಪ್ಪ. ತಗೊಂಡ್ರೆ ನುಡಿಸು, ಇಲ್ದಿದ್ರೆ ಇವತ್ತಿಂದ ಅದನ್ನ ಮುಟ್ಟಬಾರ್ದು ಅಂತ. ನಮ್ಮಪ್ಪ ಒಂದ್ಸಲ ಅಂದ್ರೆ ಮುಗೀತು."

"ನೀನೇನೂ ಹೆದರ್ಬೇಡ," ಎಂದಳು ಕೋಕಿಲಾ. ಅಷ್ಟು ಹೇಳಿದ್ದೇ ಹೆಚ್ಚಾಯಿತೇನೋ ಎನ್ನಿಸಿ ಬೇಗ ಹೊರಗೆ ಬಂದಳು.

ನುಡಿಸಬೇಕಾಗಿದ್ದದ್ದು ಪಂಚಾಕ್ಷರಿಯದೇ ರಚನೆ. ಏಳು ಎಣಿಕೆಯ ತಾಳ. ಮೊದಲು ಬರೆದದ್ದು, ಆಮೇಲೆ ಎಂಟು ಆವರ್ತ, ಅಂದರೆ ತಾಳದ ಎಂಟು ಸುತ್ತು, ಮನಸ್ಸಿಗೆ ಬಂದದ್ದು.

ಒಂದನೆಯವರು ಮೂರನೇ ಆವರ್ತಕ್ಕೇ ತಾಳ ತಪ್ಪಿದರು.

ಎರಡನೆಯವರು ತಂತಿಯನ್ನು ಅಡ್ಡಕ್ಕೆ ಎಳೆದು ಎಳೆದು ನುಡಿಸಿದರು. ಸ್ವರ ಬಳುಕಿತು, ಹಿಂದೆ ನೋಡಿತು, ಮುಂದೆ ಜಾರಿತು. ಕೋಕಿಲಾ ನೆಟ್ಟಗೆ ಕುಳಿತಳು. ಇದು ವೀಣೆಯ ಬೆರಳು. ರಾಜಾಜಿನಗರದಿಂದ ವಿಜಯನಗರದವರೆಗೆ ಯಾವ ಮನೆಗೆ ಬೇಕಾದರೂ ಹೋಗಿ, ವೀಣೆಯ ಮುಂದೆ ಕೂರಿಸುವುದು ಮಗಳನ್ನು, ಮಗನನ್ನಲ್ಲ. ಅಲ್ಲಲ್ಲಿ ತಾಳ ಸಡಿಲವಾಯಿತು. ಆಗಲಿ. ಅವಳು ಹತ್ತು ಬರೆದಳು.

ಮೂರು, ನಾಲ್ಕು ಬಂದು ಹೋದವು.

ಐದನೆಯವರು ಶುರು ಮಾಡಿದಾಗ ರೇವಣಸಿದ್ದಪ್ಪ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಒಂದು ಸ್ವರವೂ ಬಳುಕಲಿಲ್ಲ. ವೇಗ, ಒಂದೇ ಸಮನಾದ ವೇಗ, ಸುತ್ತಿನ ಪಕ್ಕಕ್ಕೆ ಸುತ್ತು ಬಿಗಿಯಾಗಿ ಕೂರುತ್ತ ಹೋಯಿತು. ಏಳರ ಎಣಿಕೆಯ ಮೇಲೆ ಐದರ ಎಣಿಕೆ ಹೇರಿ, ಒಂದು ಇಡೀ ಆವರ್ತ ಸುಮ್ಮನಿದ್ದು, ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ಬಿದ್ದಾಗ ಕೋಕಿಲಾಳ ಉಸಿರು ನಿಂತಿತ್ತು. ಇಪ್ಪತ್ತು ವರ್ಷದಲ್ಲಿ ಅವಳು ಇಂಥದ್ದನ್ನು ಕೇಳಿರಲಿಲ್ಲ.

"ನಿಮ್ಮ ಹುಡುಗನೇ ಇರ್ಬೇಕು," ರೇವಣಸಿದ್ದಪ್ಪ ಪಿಸುಗುಟ್ಟಿದರು.

ಪಂಚಾಕ್ಷರಿ ಮುಗುಳ್ನಕ್ಕ.

ಆ ನಗು ಅವಳಿಗೆ ಸಾಕಾಯಿತು. ಅಕ್ಕನ ಮಗ. ಮನೆ ತುಂಬ ಸಂಗೀತ. ಇವನಿಗೆ ಇಲ್ಲಿ ಸಿಗದಿದ್ದರೆ ನಾಳೆ ಇನ್ನೊಂದು ತಂಡ, ನಾಡಿದ್ದು ಮತ್ತೊಂದು. ಲಗ್ಗೆರೆಯ ಆ ಹುಡುಗಿಗೆ? ಇಷ್ಟು ವರ್ಷ ಇವರೆಲ್ಲ ಎಷ್ಟು ಸಲೀಸಾಗಿ ನಾಲ್ಕು ಬರೆದಿದ್ದರು! ಕೋಕಿಲಾ ಒಂಬತ್ತಕ್ಕೆ ಬಾಗಿದ ಪೆನ್ನನ್ನು ತಡೆದಳು. ಮೂರು ಎಂದು ಬರೆದಳು.

ಆರನೆಯವರ ಬಳಿಕ ರೇವಣಸಿದ್ದಪ್ಪ ಕೂಡಿದರು. ಎರಡನೇ ಚೀಟಿಗೆ ಆರು, ಆರು, ಹತ್ತು. ಐದನೇ ಚೀಟಿಗೆ ಒಂಬತ್ತು, ಒಂಬತ್ತು, ಮೂರು. ಇಪ್ಪತ್ತೆರಡು, ಇಪ್ಪತ್ತೊಂದು.

"ಮೂರಾ?" ಪಂಚಾಕ್ಷರಿ ಹಾಳೆಯನ್ನು ಎಳೆದುಕೊಂಡ. "ಯಾಕ್ರೀ ಕೋಕಿಲಾ?"

"ಯಂತ್ರ ಓಡಿದ ಹಾಗಿತ್ತು. ಭಾವ ಇಲ್ಲ."

ಅವನು ಹಾಳೆಯನ್ನು ರೇವಣಸಿದ್ದಪ್ಪನವರ ಕಡೆ ತಳ್ಳಿದ. "ಸರಿ. ಪರದೆ ನೀವೇ ಕೇಳಿದ್ದು. ಒಂದು ಮಾರ್ಕ್ ಆದರೂ ಮಾರ್ಕೇ." ಪರದೆಯ ಕಡೆ ತಿರುಗಿ ಕೂಗಿದ: "ಎರಡನೇ ಚೀಟಿ ಯಾರದು? ಬನ್ನಿ ಈಚೆ. ನೀವೇ ಆಯ್ಕೆ ಆಗಿರೋದು."

ಕೋಕಿಲಾ ಚಪ್ಪಾಳೆಗೆ ಕೈ ಎತ್ತಿದಳು.

ತೆಳ್ಳಗಿನ ಹುಡುಗನೊಬ್ಬ ಹೊರಗೆ ಬಂದ. ಮೀಸೆ ಈಗಷ್ಟೇ ಚಿಗುರಿತ್ತು.

"ಗಂಗಾಧರ! ನೀನೇನೋ!" ಪಂಚಾಕ್ಷರಿ ಹಣೆ ಚಚ್ಚಿಕೊಂಡ. "ನಿನಗೆ ನಾನೇ ಆರು ಹಾಕಿದೀನಲ್ಲೋ! ಗಿಟಾರನ್ನ ಹಾಗೆ ಜಗ್ಗೋದು ಯಾರು ಕಲಿಸಿದ್ರು?"

"ಅಮ್ಮ ವೀಣೆ ಪಾಠ ಹೇಳೋದು ಕೇಳೀ ಕೇಳೀ ಕೈ ಹಾಗೇ ಹೋಗುತ್ತೆ ಮಾವ."

ಕೋಕಿಲಾಳ ಎತ್ತಿದ ಕೈ ಇಳಿಯಲಿಲ್ಲ.

"ಆಯ್ತು, ಗೆದ್ದೆಯಲ್ಲ, ಬಿಡು." ಪಂಚಾಕ್ಷರಿಯ ದನಿಯಲ್ಲಿ ಸಂತೋಷವಿರಲಿಲ್ಲ. ಮತ್ತೆ ಕೂಗಿದ: "ಆ ಐದನೆಯವನು ಯಾರಪ್ಪಾ? ಸಿಗಲಿಲ್ಲ ಅಂತ ಹಾಗೇ ಹೋಗ್ಬೇಡ, ಒಂದ್ಸಲ ಮುಖ ತೋರಿಸು. ಎರಡು ವರ್ಷದಿಂದ ನಾನು ಹುಡುಕ್ತಾ ಇದ್ದದ್ದು ನಿನ್ನನ್ನೇ."

ಪರದೆ ಸರಿಯಿತು, ಚೀಟಿ ಹಿಡಿದು ಹೊರಗೆ ಬಂದವಳು ಯಶೋದ.