ಬಾಗಿಲಿಗೆ ಬೇವು

ಮಗಳಿಗೆ ಅಮ್ಮ ಎದ್ದಿತ್ತು. ಮುಖ, ಬೆನ್ನು ತುಂಬ ಸೀತಾಳೆ ಸಿಡುಬಿನ ನೀರುಗುಳ್ಳೆ. ಬಾಗಿಲಿಗೆ ಬೇವು ಕಟ್ಟಿದರೆ ವಠಾರಕ್ಕೆಲ್ಲ ಗೊತ್ತಾಗುತ್ತದೆ; ಆಮೇಲೆ ತನ್ನ ದೋಸೆ ಹಿಟ್ಟು ಕೊಳ್ಳುವವರು ಯಾರು? ತಾಯಿ ಕೂತಲ್ಲಿ ಕೂರಲಾರದೆ ಒಳಗೂ ಹೊರಗೂ ಓಡಾಡುತ್ತಿದ್ದಳು.

ಮಗಳು ಮಲಗಿದಲ್ಲೇ ಪರೀಕ್ಷೆಗೆ ಓದುತ್ತಿದ್ದಳು. "ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಅನ್ನೋದನ್ನ ಹೊರಗೆ ಬಿಡುತ್ತಮ್ಮ. ಅದು ತಾಗಿದ ಕೂಡಲೆ ಪಕ್ಕದ ಕೋಶಗಳಲ್ಲಿ ಮಲಗಿದ್ದ ಜೀನ್‌ಗಳು ಎದ್ದು, ವೈರಸ್ಸನ್ನ ತಡೆಯೋಕೆ ಸಜ್ಜಾಗ್ತವೆ."

"ಸುದ್ದಿ ಕೊಟ್ಟ ಕೋಶದ ಗತಿ?"

"ಎಷ್ಟೋ ಸಲ ಸತ್ತೇ ಹೋಗುತ್ತೆ." ಮಗಳು ಪುಸ್ತಕ ಮುಚ್ಚಿದಳು. "ಎದುರು ಮನೆ ಅಕ್ಕ ಬಸುರಿ ಅಲ್ವೇನಮ್ಮಾ?"

ತಾಯಿ ಸೀದಾ ಹೊರಗೆ ಹೋದಳು. ಬಾವಿಕಟ್ಟೆಯ ಮರದಿಂದ ಬೇವಿನ ಟೊಂಗೆ ಮುರಿದು ತಂದು ಬಾಗಿಲಿಗೆ ಕಟ್ಟಿದಳು.

ಪಕ್ಕದ ಮನೆಯಾಕೆ ನೋಡಿ ಅಲ್ಲೇ ನಿಂತಳು. "ಯಾವಾಗಿಂದ?"

"ನಿನ್ನೆಯಿಂದ ಕಣ್ರೀ. ಹೇಳೋಕೆ ಹೆದರಿದೆ. ನಿಮ್ಮ ಹುಡುಗೀನ ಜೊತೆಗೆ ಓದೋಕೆ ಕಳಿಸಬೇಡಿ."

ಆಕೆ ಸರ್ರನೆ ತಿರುಗಿ ಒಳಗೆ ಹೋದಳು. ಇನ್ನು ಇವರ ಮನೆಯ ಜೊತೆ ಮಾತೂ ಮುಗಿಯಿತು ಅಂದುಕೊಂಡಳು ತಾಯಿ.

ಅಷ್ಟರಲ್ಲಿ ಆಕೆ ಮತ್ತೆ ಹೊರಗೆ ಬಂದು, ಹಿಂದೆಯೇ ಕಿತ್ತು ಒಳಗೆ ಬಚ್ಚಿಟ್ಟಿದ್ದ ಒಂದು ಬೇವಿನ ಗೊಂಚಲನ್ನು ತನ್ನ ಬಾಗಿಲಿಗೂ ಕಟ್ಟತೊಡಗಿದಳು. ಒಣಗಿ ಗರಿಗರಿಯಾಗಿದ್ದ ಎಲೆಗಳು ಅವಳ ಕೈಯಲ್ಲೇ ಉದುರಿದವು.