ಓದುವ ಧಾಟಿ

ಇಯರ್‌ಫೋನಿನಲ್ಲಿ ಏನೋ ಪಿಸುಗುಟ್ಟಿತು. ರಾತ್ರಿ ಹನ್ನೊಂದೂವರೆ. ಸಂಘಮಿತ್ರಾ ಮೊದಲು ಗಾಳಿಯಿರಬೇಕು ಎಂದುಕೊಂಡಳು. ಧ್ವನಿ ಏರಿಸಿ ಮತ್ತೆ ಕೇಳಿದಳು. ಗಾಳಿಯಲ್ಲ, ಗಂಡಸು. "ಬಸ್ ನಿಲ್ದಾಣದಲ್ಲಿ..." ಎಂದು ಅವನು ಉಸಿರಿನಲ್ಲೇ ಹೇಳಿಕೊಡುತ್ತಿದ್ದ. ಅದರ ಬೆನ್ನಿಗೇ ತಂಗಡಗಿಯ ರೇಣವ್ವನ ಗಟ್ಟಿ ದನಿ: "ಬಸ್ ನಿಲ್ದಾಣದಲ್ಲಿ ಇಂದು ಬಹಳ ಜನರಿದ್ದಾರೆ." ರೆಕಾರ್ಡಿಂಗ್ ನಿಲ್ಲಿಸುವ ಗುಂಡಿ ಒತ್ತಲು ಅವಳು ಮರೆತಿದ್ದರಿಂದ ಮುಂದಿನದೂ ದಾಖಲಾಗಿತ್ತು.

"ಸಾವಕಾಶ ಹೇಳ್ರಿ, ನಿಮಗೇನ್ ಬಸ್ ತಪ್ತೈತೇನು?"

"ನಿನಗ ಓದಾಕ ಬಂದಿದ್ರ ನಾ ಯಾಕ ಇಷ್ಟೊತ್ತಿನ್ಯಾಗ ನಿದ್ದಿಗೆಡ್ತಿದ್ದೆ? ಹೂಂ, ಮುಂದಿಂದು ಅನ್ನು." ಅದು ಅವಳ ಗಂಡ ಚಂದಪ್ಪ.

ಸಂಘಮಿತ್ರಾ ಇಯರ್‌ಫೋನು ಕಿತ್ತಿಟ್ಟಳು. ಪುಣೆಯ ಒಂದು ಕಂಪನಿ ತನ್ನ ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ಮುದ್ದೇಬಿಹಾಳದಲ್ಲಿ ತೆರೆದ ಡಿಜಿಟಲ್ ಕೌಶಲ್ಯ ಕೇಂದ್ರಕ್ಕೆ ಅವಳೇ ಶಿಕ್ಷಕಿ. ನಲವತ್ತು ಹೆಂಗಸರಿಗೆ ಫೋನು ಕೊಟ್ಟಿದ್ದರು. ತೆರೆಯ ಮೇಲೆ ಮೂಡುವ ವಾಕ್ಯಗಳನ್ನು ಅವರು ಓದಿ ಕಳಿಸಬೇಕು. ಕಂಪ್ಯೂಟರು ಅದನ್ನು ಕೇಳಿ ಕನ್ನಡ ಕಲಿಯುತ್ತದೆ. ಹಿನ್ನೆಲೆಯಲ್ಲಿ ಸದ್ದಿರಬಾರದು ಎಂಬ ನಿಯಮಕ್ಕಾಗಿ ಎಲ್ಲರೂ ಊರು ಮಲಗಿದ ಮೇಲೆಯೇ ಓದುತ್ತಿದ್ದರು. ಯಂತ್ರ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟಿದ್ದು ರೇಣವ್ವನಿಗೆ. ಬೆಳಿಗ್ಗೆ ಹತ್ತಕ್ಕೆ ಪುಣೆಯಿಂದ ಬರುವ ಮೇಡಂ ಎದುರು ಓದಿ ತೋರಿಸುವವಳು ಅವಳೇ ಎಂದು ಹೆಸರೂ ಕಳಿಸಿಯಾಗಿತ್ತು. ಕೇಂದ್ರ ಮುಂದಿನ ವರ್ಷ ಇರಬೇಕೋ ಬೇಡವೋ, ಸಂಘಮಿತ್ರಾಳ ಕೆಲಸ ಉಳಿಯಬೇಕೋ ಬೇಡವೋ, ಎಲ್ಲ ಆ ಮೇಡಂ ಕೈಯಲ್ಲಿತ್ತು. ಆ ರಾತ್ರಿ ಅವಳು ಎಷ್ಟು ಮಗ್ಗುಲು ಬದಲಿಸಿದರೂ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ರೇಣವ್ವ ಇಳಕಲ್ಲ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಬಂದಳು. ಸಂಘಮಿತ್ರಾ ಅವಳನ್ನು ಬಾಗಿಲ ಮರೆಗೆ ಎಳೆದುಕೊಂಡಳು.

"ರೇಣವ್ವಾ, ನಿಮ್ಮ ರೆಕಾರ್ಡಿಂಗಿನ್ಯಾಗ ಎರಡು ದನಿ ಅದಾವ."

"ಅಯ್ಯ! ಅವರದೂ ಕೇಳ್ತೈತೇನ್ರಿ? ಸಣ್ಣಗ ಹೇಳಿದ್ರ ಮಿಶಿನ್ನಿಗೆ ಗೊತ್ತಾಗೂದಿಲ್ಲ ಅಂದಿದ್ರು."

"ಓದಾಕ ಬರೂದಿಲ್ಲಂತ ನನಗ್ಯಾಕ ಹೇಳಲಿಲ್ಲ?"

ರೇಣವ್ವ ಅವಳ ಮುಖವನ್ನೇ ನೋಡಿದಳು. "ಹೇಳಿದ್ನೆಲ್ರಿ ಅಕ್ಕೋರ. ಮೊದಲ್ನೇ ದಿನಾನ ಹೇಳೇನಿ. ಸಹಿ ಮಾಡಾಕ ಬರ್ತೈತೆಲ್ಲ, ಅಷ್ಟ ಸಾಕು, ನಲವತ್ತು ಮಂದಿ ತುಂಬಬೇಕಾಗೈತಿ ಅಂತ ನೀವ ಅಂದ್ರಿ."

ಸಂಘಮಿತ್ರಾಳಿಗೆ ನೆನಪಾಯಿತು. ಪಟ್ಟಿಯ ಕೊನೆಯ ಸಾಲು ಖಾಲಿಯಿತ್ತು. 'ಓದಲು ಬರುತ್ತದೆಯೇ?' ಎಂಬ ಪ್ರಶ್ನೆಯ ಮುಂದೆ ಸರಿ ಗುರುತು ಹಾಕಿದ್ದು ತನ್ನದೇ ಪೆನ್ನು.

"ಫೋನ್ ವಾಪಸ್ ತಗೋತೀರೇನ್ರಿ?" ರೇಣವ್ವನ ದನಿ ಇಳಿಯಿತು.

ಉತ್ತರ ಹೇಳುವುದರೊಳಗೆ ಹೊರಗೆ ಕಾರು ನಿಂತಿತು.

ಪುಣೆಯ ಮೇಡಂ ಒಳ್ಳೆಯವರು. ಚಾಪೆಯ ಮೇಲೆ ಎಲ್ಲರ ನಡುವೆ ಕುಳಿತು ಚಹಾ ಕುಡಿದರು. ಅವರಿಗೆ ಕನ್ನಡ ಬಾರದು. ಸಂಘಮಿತ್ರಾ ಹಿಂದಿಯಲ್ಲಿ ಹೇಳುತ್ತ ಹೋದಳು. ಆಮೇಲೆ ಮೇಡಂ ತಾವೇ ಫೋನು ತೆರೆದು ರೇಣವ್ವನ ಕೈಗಿಟ್ಟರು. ರೇಣವ್ವ ಎದ್ದು ನಿಂತಳು. ತೆರೆ ನೋಡಿದಳು, ಸಂಘಮಿತ್ರಾಳನ್ನು ನೋಡಿದಳು.

"ಚಶ್ಮಾ ಮನ್ಯಾಗ ಮರತ ಬಂದೇನ್ರಿ."

ಸಂಘಮಿತ್ರಾಳ ಎದೆ ಹಗುರಾಯಿತು. ಕನ್ನಡಕ ತಂದಿಲ್ಲವಂತೆ, ಬೇರೆ ಯಾರಾದರೂ ಓದುತ್ತಾರೆ ಎಂದು ಅವಸರದಿಂದ ಹಿಂದಿಯಲ್ಲಿ ಹೇಳಿದಳು. ಮೇಡಂ ನಕ್ಕರು. ತಮ್ಮ ಕನ್ನಡಕವನ್ನೇ ತೆಗೆದು, ಎದ್ದು ಹೋಗಿ, ಮಗುವಿಗೆ ತೊಡಿಸುವಂತೆ ರೇಣವ್ವನ ಮೂಗಿನ ಮೇಲೆ ಏರಿಸಿದರು. ಅವರ ಜೊತೆಗೆ ಬಂದವನು ಕ್ಯಾಮೆರಾ ಎತ್ತಿದ.

ದಪ್ಪ ಗಾಜಿನ ಹಿಂದೆ ರೇಣವ್ವನ ಕಣ್ಣು ವಿಪರೀತ ದೊಡ್ಡವಾಗಿ ಕಂಡವು. ಅವಳು ನೆಟ್ಟಗೆ ನಿಂತಳು. ತರಗತಿಯಲ್ಲಿ ಕಲಿಸಿದ್ದಂತೆಯೇ, ಒಂದೊಂದು ಮಾತಿನ ಕೊನೆಗೂ ಉಸಿರು ತೆಗೆದುಕೊಳ್ಳುತ್ತ, ಓದುವ ಧಾಟಿಯಲ್ಲಿ ಶುರು ಮಾಡಿದಳು.

"ನನ್ನ ಹೆಸರು ರೇಣವ್ವ. ಊರು ತಂಗಡಗಿ. ನನಗ ಅಕ್ಷರ ಬರೂದಿಲ್ಲ. ಫೋನ್ ಒತ್ತೂದು ಕಲಿಸಿದ್ರು. ಫೋಟೋ ಕಳಸೂದು ಕಲಿಸಿದ್ರು. ಅಕ್ಷರ ಯಾರೂ ಕಲಿಸಲಿಲ್ಲ. ಈ ಚಶ್ಮಾದಾಗ ನನಗ ಏನೂ ಕಾಣವಲ್ದು."

ಅವಳ ಬೆರಳು ತೆರೆಯ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಸರಿಯುತ್ತಿತ್ತು.

ಮೇಡಂ ಜೋರಾಗಿ ಚಪ್ಪಾಳೆ ತಟ್ಟಿದರು. ಅವರ ಕಣ್ಣು ಒದ್ದೆಯಾಗಿದ್ದವು. "ಎಷ್ಟು ಚೆನ್ನಾಗಿ ಓದಿದಳು! ಏನದು, ಅದರ ಅರ್ಥ ಹೇಳಿ" ಎಂದು ಹಿಂದಿಯಲ್ಲಿ ಕೇಳಿದರು.

ಸಂಘಮಿತ್ರಾ ಮುಂದೆ ಬಂದಳು. ರೇಣವ್ವನ ಕೈಯಿಂದ ಫೋನು ತೆಗೆದುಕೊಂಡು ತೆರೆ ನೋಡಿದಳು. 'ನೀರನ್ನು ಹಿತಮಿತವಾಗಿ ಬಳಸಬೇಕು' ಎಂದಿತ್ತು. ಅದನ್ನೇ ಹಿಂದಿಯಲ್ಲಿ ಹೇಳಿದಳು.

"ಇಷ್ಟು ಸಾದಾ ಮಾತನ್ನು ಎಷ್ಟು ಮನಸ್ಸಿಟ್ಟು ಓದಿದಳಲ್ಲ" ಎಂದರು ಮೇಡಂ.

ಹೌದೆಂದು ಸಂಘಮಿತ್ರಾ ತಲೆಯಾಡಿಸಿದಳು. ಪುಣೆಗಾಗಲಿ, ಮನೆಯವರಿಗಾಗಲಿ, ಯಾರಿಗೂ ಇದನ್ನು ಹೇಳುವುದಿಲ್ಲ ಎಂದು ಆ ಗಳಿಗೆಯಲ್ಲೇ ನಿರ್ಧರಿಸಿದಳು. ತಲೆ ಎತ್ತಿದರೆ, ಚಾಪೆಯ ಮೇಲೆ ಸಾಲಾಗಿ ಕುಳಿತ ಮೂವತ್ತೊಂಬತ್ತು ಹೆಂಗಸರು, ಒಬ್ಬರೂ ಚಪ್ಪಾಳೆ ತಟ್ಟದೆ, ಸಂಘಮಿತ್ರಾಳನ್ನೇ ನೋಡುತ್ತಿದ್ದರು.