ಸ್ಟಾಫ್ ರೂಮಿನ ಐದು ಫೋನು

ಐದು ಫೋನುಗಳಲ್ಲಿ ತನ್ನದು ಯಾವುದೆಂದು ನೋಡಿಕೊಳ್ಳದೆ ಟೈಪ್ ಮಾಡಿದ್ದೇ ರತ್ನಳ ತಪ್ಪು. ಅಂದು ಉಪನ್ಯಾಸಕರ ಆನ್‌ಲೈನ್ ತರಬೇತಿಯ ಕೊನೆಯ ದಿನ. ಬೈಂದೂರು ಕಡೆಯ ಆ ಸಣ್ಣ ಖಾಸಗಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಐದು ಫೋನುಗಳು ಸ್ಟೀಲ್ ಲೋಟಗಳಿಗೆ ಒರಗಿಕೊಂಡು ಸಾಲಾಗಿ ನಿಂತಿದ್ದವು. ಐದರಲ್ಲೂ ಕ್ಯಾಮೆರಾ ಆಫ್. ವಾರವಿಡೀ ಅವುಗಳ ಮುಂದೆ ಕುಳಿತವಳು ಅರ್ಥಶಾಸ್ತ್ರದ ರತ್ನ ಒಬ್ಬಳೇ. ಉಳಿದ ನಾಲ್ವರು ಬೆಳಿಗ್ಗೆ ಫೋನು ಇಟ್ಟು ಹೋಗುವುದು, ಸಂಜೆ ಬಂದು ಒಯ್ಯುವುದು. ಹಾಜರಿ ಕೇಳಿದಾಗ ಎಲ್ಲದರಲ್ಲೂ ‘ಇದ್ದೇನೆ’ ಎಂದು ಒತ್ತುವುದು ಅವಳ ಪಾಲಿನ ಕೆಲಸ. ಅಲ್ಲಿ ತರಬೇತಿ ಎಂದರೆ ಹೀಗೇ: ಫೋನು ಕಾಯುವುದು ಒಬ್ಬರು, ಸರ್ಟಿಫಿಕೇಟು ಮಾತ್ರ ಎಲ್ಲರಿಗೂ.

ಬೆಳಿಗ್ಗೆ ಮೈಸೂರಿನಿಂದ ತರಬೇತಿ ನಡೆಸುತ್ತಿದ್ದ ನಿರ್ದೇಶಕಿ ಒಂದು ಪ್ರಶ್ನೆ ಕೇಳಿದ್ದರು. ಬಾಯಿಯೇ ಬಿಡದ ಹಿಂದಿನ ಬೆಂಚಿನ ಮಕ್ಕಳಿಗೆ ನೀವು ಹೇಗೆ ಪಾಠ ಮಾಡುತ್ತೀರಿ? ರತ್ನಳಿಗೆ ಹುರುಪು ತಡೆಯಲಾಗಲಿಲ್ಲ. ಬೇಡಿಕೆ, ಪೂರೈಕೆಯ ಪಾಠಕ್ಕೆಂದು ತಾನು ತರಗತಿಯಲ್ಲೇ ಬಂಗುಡೆ ಮೀನಿನ ಏಲಂ ನಡೆಸಿದ್ದು, ಗಂಗೊಳ್ಳಿ ಬಂದರಿನ ಮೀನು ಹರಾಜಿನ ಸದ್ದು ಕೇಳುತ್ತ ಬೆಳೆದ, ವರ್ಷದಿಂದ ಒಂದು ಮಾತೂ ಆಡದ ಹಿಂದಿನ ಬೆಂಚಿನ ಮೋಕ್ಷಿತಾ ಅಂದು ಗಂಟಲು ಬಿಚ್ಚಿ ಬೆಲೆ ಕೂಗಿದ್ದು, ಆಮೇಲೆ ತಾನಾಗಿ ಬೋರ್ಡಿಗೆ ಬಂದು ಬೇಡಿಕೆಯ ಗೆರೆ ಎಳೆದದ್ದು, ಎಲ್ಲವನ್ನೂ ಕೈಗೆ ಸಿಕ್ಕ ಫೋನಿನಲ್ಲಿ ಬರೆದು ಕಳಿಸಿಬಿಟ್ಟಳು. ಅದು ಇತಿಹಾಸದ ಶ್ರೀಕರನ ಫೋನು. ಏಲಂ ನಡೆದ ದಿನ ಪಕ್ಕದ ಕ್ಲಾಸಿನಿಂದ ಎದ್ದು ಬಂದು, “ಇದ್ ಕ್ಲಾಸಾ, ಮೀನ್ ಮಾರ್ಕೆಟಾ?” ಎಂದು ಮಕ್ಕಳೆದುರೇ ರೇಗಿದ್ದ ಶ್ರೀಕರ.

ಮಧ್ಯಾಹ್ನಕ್ಕೆ ನಿರ್ದೇಶಕಿಯಿಂದ ಸುದ್ದಿ ಬಂತು: ಅಷ್ಟು ಚೆಂದದ ಉತ್ತರ ಬರೆದ ಶ್ರೀಕರ ಅವರನ್ನು ಮೈಸೂರಿನ ಹದಿನೈದು ದಿನದ ತರಬೇತಿಗೆ ಆರಿಸಿದ್ದೇವೆ, ಮೂರು ಗಂಟೆಗೆ ನಡೆಯುವ ಸಮಾರೋಪದಲ್ಲಿ ಅವರು ಕ್ಯಾಮೆರಾ ಹಾಕಿ ಎರಡು ಮಾತಾಡಲಿ. ರತ್ನ ವರ್ಷ ವರ್ಷವೂ ಕೇಳಿ, ಇಲ್ಲವೆನ್ನಿಸಿಕೊಂಡ ತರಬೇತಿ ಅದು. ಅವಳು ಪ್ರಿನ್ಸಿಪಾಲ್ ಹಿರಿಯಣ್ಣನವರ ಕೋಣೆಗೆ ಓಡಿದಳು.

“ಸರ್, ಆ ಉತ್ತರ ನಾನ್ ಬರ್ದದ್ದ್. ಫೋನ್ ಅದಲ್ ಬದಲ್ ಆಯ್ತ್. ಮೈಸೂರಿಗೆ ನಾನ್ ಹೋತೆ.”

“ಈಗ ಅದನ್ ಹೇಳ್ರೆ ಐದ್ ಫೋನಿನ್ ಕತಿ ಎಲ್ಲ ಹೊರಗ್ ಬತ್ತ್ ಅಲ್ದಾ ಮೇಡಂ? ಕಾಲೇಜಿಗೆ ಗ್ರೇಡ್ ಕೊಡುಕೆ ನ್ಯಾಕಿನವ್ರ್ ಬಪ್ಪ ವರ್ಷ ಬೇರೆ. ಯಾರ್ ಹೋರೂ ಕಾಲೇಜಿಂದೇ ಹೆಸ್ರ್.”

“ಹಂಗಾರೆ ನಾನೇ ಹೋಪ್ದಲ್ದಾ?”

“ನಿಮ್ ಕ್ಲಾಸ್ ಯಾರ್ ತಕಂಬ್ದ್? ಮಕ್ಳಿಗೆ ನೀವೇ ಆಯ್ಕ್.”

ಮಕ್ಕಳಿಗೆ ನೀವೇ ಬೇಕು ಎಂಬ, ಹೊಗಳಿಕೆಯ ಹಾಗೆ ಕೇಳುವ ಈ ಮಾತಿಗೆ ಅವಳು ಇಷ್ಟು ವರ್ಷ ತಲೆಯಾಡಿಸಿಕೊಂಡೇ ಬಂದಿದ್ದಳು. ಶ್ರೀಕರ ಎರಡು ಸಲ ಮೈಸೂರಿಗೆ ಹೋಗಿದ್ದಾಗ ಅವನ ಕ್ಲಾಸು ನೋಡಿಕೊಂಡವಳೂ ಅವಳೇ. ಇವತ್ತು ಮಾತ್ರ ತಲೆಯಾಡಿಸದೆ ಹೊರಗೆ ಬಂದಳು.

ಮೂರು ಗಂಟೆಗೆ ಶ್ರೀಕರ ಮುಖ ತೊಳೆದು, ಪೌಡರ್ ಹಾಕಿಕೊಂಡು, ಅಂಗಿಯ ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಂಡು ಬಂದ. “ಹ್ವಾಯ್ ರತ್ನ ಮೇಡಂ, ಫೋನ್ ಕೊಡಿ ಕಾಂಬ. ಎಂತ ಬರ್ದಿರಿ, ಸ್ವಲ್ಪ ಹೇಳಿ. ಬೇಜಾರ್ ಮಾಡ್ಕಣ್ಬೇಡಿ, ಹದಿನೈದ್ ದಿನ ಮನಿ ಬಿಟ್ಟ್ ಹೋಪುಕೆ ನಿಮ್ಗೆ ಆತ್ತಾ?”

“ನನ್ನ್ ಮನಿ ಸುದ್ದಿ ನಿಮ್ಗ್ ಬೇಡ ಸರ್,” ಎಂದಳು ರತ್ನ. ಫೋನು ಕೊಡಲಿಲ್ಲ. ಸಾಲಾಗಿ ಒಂದೊಂದರ ಕ್ಯಾಮೆರಾವನ್ನೂ ಒತ್ತುತ್ತ ಹೋದಳು. ಪರದೆಯ ಮೇಲೆ ಐದು ಹೆಸರು, ಐದರ ಮೇಲೂ ಅವಳದೇ ಮುಖ.

“ಇದೇನು, ಎಲ್ಲ ಕಡೆ ನೀವೇ ಇದ್ದೀರಲ್ಲ!” ನಿರ್ದೇಶಕಿಯ ದನಿ ಗಟ್ಟಿಯಾಯಿತು.

ರತ್ನ ತನ್ನ ಫೋನಿನ ಮೈಕ್ ತೆರೆದಳು. “ಹೌದು ಮೇಡಂ. ವಾರವಿಡೀ ಇಲ್ಲಿ ಕುಳಿತವಳು ನಾನೊಬ್ಬಳೇ. ಎಲ್ಲರ ಹಾಜರಿ ಹಾಕಿದವಳೂ ನಾನೇ, ಅದು ತಪ್ಪು. ನನ್ನ ಸರ್ಟಿಫಿಕೇಟ್ ಹೋದರೆ ಹೋಗಲಿ. ಆದರೆ ಆ ಉತ್ತರ ನನ್ನದು. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.”

ತಮ್ಮ ಕಂಪ್ಯೂಟರಿನಲ್ಲಿ ಇದನ್ನೆಲ್ಲ ನೋಡುತ್ತಿದ್ದ ಹಿರಿಯಣ್ಣನವರು ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. “ಮೇಡಂ, ಕ್ಯಾಮೆರಾ ಬಂದ್ ಮಾಡಿ! ಕಾಲೇಜಿನ್ ಮರ್ಯಾದಿ ತೆಗ್ದ್ರಿ!”

“ವಾರ ಇಡೀ ಬಂದೇ ಇತ್ತಲ್ದಾ ಸರ್. ಆಗ ಮರ್ಯಾದಿ ಎಲ್ಲಿತ್ತ್?”

ಫೋನಿನಲ್ಲಿ ನಿರ್ದೇಶಕಿ ತಣ್ಣಗೆ ಕೇಳಿದರು: “ಶ್ರೀಕರ ಅವರು ಅಲ್ಲೇ ಇದ್ದರೆ ಒಂದೇ ಪ್ರಶ್ನೆ. ನಿಮ್ಮ ಉತ್ತರದಲ್ಲಿ ಏಲಂ ಹಾಕಿದ್ದು ಯಾವ ಮೀನನ್ನು?”

ರತ್ನ ಸಾಲಿನಿಂದ ಅವನ ಫೋನು ತೆಗೆದು ಎರಡೂ ಕೈಯಲ್ಲಿ ಚಾಚಿದಳು. “ತಕಣಿ ಸರ್, ನಿಮ್ದೇ ಫೋನ್. ಮೇಡಂ ಕೇಂತಾ ಇದ್ರ್, ಹೇಳಿ.”

ಶ್ರೀಕರ ಫೋನು ಹಿಡಿದು ಹಿರಿಯಣ್ಣನವರ ಮುಖ ನೋಡಿದ. ಅವರು ಕಿಟಕಿಯ ಕಡೆ ತಿರುಗಿಕೊಂಡರು. ಅವನು ಫೋನನ್ನು ಮೆಲ್ಲಗೆ ಮೇಜಿನ ಮೇಲೆ ಅಂಗಾತ ಇಟ್ಟು ಹಿಂದೆ ಸರಿದ.

ಪರದೆಯಲ್ಲಿ ಉಳಿದ ನಾಲ್ಕು ಹೆಸರಿನ ಮೇಲೆ ರತ್ನ ಕಣ್ಣು ಮಿಟುಕಿಸದೆ ಕುಳಿತಿದ್ದಳು. ‘ಶ್ರೀಕರ’ ಎಂಬ ಹೆಸರಿನ ಮೇಲೆ ಮುಖದ ಬದಲು ಸ್ಟಾಫ್ ರೂಮಿನ ಚಾವಣಿಯ ಫ್ಯಾನು ತಿರುಗುತ್ತಿತ್ತು.